ಪುಟ್ಟ ವಿಮಾನಗಳ ಕಾಂಪೌಂಡರಮ್ಮ

ಬೆಳಗಿನ ಆರೂಕಾಲು. ಊರಾಚೆಯ ಬಯಲಿನಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಚಿಮಣಿಯ ಹಿಂದೆ ಬೆಳಕು ಈಗಷ್ಟೇ ಕಣ್ಣು ಬಿಡುತ್ತಿದೆ. ಬಯಲಿನ ಅಂಚಿನಲ್ಲಿ ಮಡಚುವ ಮೇಜೊಂದರ ಹಿಂದೆ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. ಹೊಸಬರು ನೋಡಿದರೆ, ಮನೆಯವರ ಜೊತೆಗೆ ಬಂದು ತೂಕಡಿಸುತ್ತಿರುವ ಅಜ್ಜಿ ಎಂದುಕೊಳ್ಳುತ್ತಾರೆ. ಅವರು ತೂಕಡಿಸುತ್ತಿಲ್ಲ, ಕೇಳುತ್ತಿದ್ದಾರೆ.

ಮೇಲೆ, ಮೂರು ಮೊಳ ರೆಕ್ಕೆಯ ಹಳದಿ ವಿಮಾನವೊಂದು ಮೂಗೆತ್ತಿ ಏರುತ್ತಿದೆ. ನಿಂಬೆಹಣ್ಣಿನಷ್ಟು ದೊಡ್ಡ ಇಂಜಿನ್ನು, ಬಯಲು ತುಂಬುವಷ್ಟು ಸದ್ದು. ಏರುತ್ತ ಏರುತ್ತ ಆ ಸದ್ದು ತೆಳ್ಳಗಾಗಿ ಕೀರಲು ದನಿಗೆ ತಿರುಗುತ್ತದೆ.

"ಬಾಯಾರಿದೆ" ಎನ್ನುತ್ತಾರೆ ಅವರು, ಕಣ್ಣು ತೆರೆಯದೆ.

ಎರಡು ಉಸಿರಿನ ನಂತರ ಇಂಜಿನ್ನು ನಿಂತೇ ಹೋಗುತ್ತದೆ. ವಿಮಾನ ತೇಲುತ್ತ ಬಂದು ಹುಲ್ಲಿನ ಮೇಲೆ ಕುಪ್ಪಳಿಸಿ ಕೂರುತ್ತದೆ. ನೆಲದಲ್ಲಿ ನಿಂತು ರಿಮೋಟಿನಿಂದ ಹಾರಿಸುತ್ತಿದ್ದವರು ಊರಿನ ಹಲ್ಲಿನ ಡಾಕ್ಟರು. ವಿಮಾನವನ್ನು ಕಂಕುಳಲ್ಲಿ ಇರುಕಿಕೊಂಡು ದುಮುಗುಡುತ್ತ ಬರುತ್ತಾರೆ. "ಈ ಸಲದ ನಿಮ್ಮ ಡಬ್ಬೀಲಿ ಏನೋ ಎಡವಟ್ಟಾಗಿದೆ ಕಣ್ರೀ."

ಮೇಜಿನ ಹಿಂದಿನವರು ವಿಮಾನವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಮಡಿಲಲ್ಲಿದ್ದ ಬಿಳಿ ಬಟ್ಟೆಯ ತುಂಡನ್ನು ಹೊಗೆ ಕೊಳವೆಯ ಬಾಯಿಗೆ ಒತ್ತಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಜೇನಿನ ಬಣ್ಣದ ಕಲೆ. ಬೆರಳ ತುದಿಯಲ್ಲಿ ಅದನ್ನು ಹೊಸೆದು ಮೂಸುತ್ತಾರೆ. "ಎಣ್ಣೆ ಸರಿಯಾಗಿದೆ. ಕಪ್ಪಗಿದ್ರೆ ಲೋಹ ಸವೀತಿದೆ ಅಂತ ಹೆದರ್ಬೇಕಿತ್ತು. ನೀವು ಇಂಧನ ಬಿಡೋ ಸೂಜಿ ತಿರುಪು ಬಿಗಿ ಮಾಡಿದೀರಿ. ನೆಲದ ಮೇಲೆ ಚೆನ್ನಾಗಿ ಕೂಗ್ಲಿ ಅಂತ ಆಸೆ ಅಲ್ವಾ? ಮೂಗು ಮೇಲೆತ್ತಿದ ಕೂಡ್ಲೆ ಅದಕ್ಕೆ ಕುಡಿಯೋಕೆ ಸಾಲಲ್ಲ."

"ಎಷ್ಟು ಸಡಿಲ ಮಾಡ್ಲಿ?"

"ನಾಲ್ಕು ಹಲ್ಲು. ಹಲ್ಲಿನ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾ?"

ಡಾಕ್ಟರಿಗೆ ನಗು ತಡೆಯುವುದಿಲ್ಲ. ತಿರುಪಿನ ಅಂಚಿನ ಗೀರುಗಳನ್ನು ಎಣಿಸಿ ನಾಲ್ಕು ಹಲ್ಲು ಸಡಿಲಿಸುತ್ತಾರೆ. ಹಳದಿ ವಿಮಾನ ಮತ್ತೆ ಏರುತ್ತದೆ. ಈ ಸಲ ದನಿ ತುಂಬಿಕೊಂಡಿದೆ, ಹಿಂದೆ ನೂಲಿನಂಥ ಬಿಳಿ ಹೊಗೆ.

ಬಯಲಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಕಾಂಪೌಂಡರಮ್ಮ. ವಯಸ್ಸು ಅರವತ್ತಮೂರು. ಇಪ್ಪತ್ತನಾಲ್ಕು ವರ್ಷಗಳಿಂದ ಈ ಬಯಲಿನಲ್ಲಿ ಹಾರುವ ವಿಮಾನಗಳ ಹೊಟ್ಟೆಗೆ ಬೀಳುವುದನ್ನೆಲ್ಲ ಅಳೆದು, ಬೆರೆಸಿ, ಸೋಸಿ, ಡಬ್ಬಿಗೆ ತುಂಬುತ್ತಿರುವವರು ಇವರೇ. ಹಾರಾಟದ ಸ್ಪರ್ಧೆಗಳಲ್ಲಿ ಗೆದ್ದವರ ಫೋಟೋ ಸಂಘದ ಗೋಡೆಯ ಮೇಲೆ ಸಾಲಾಗಿದೆ. ಅದರಲ್ಲಿ ಇವರಿಲ್ಲ. ಒಂದು ಫೋಟೋದ ಮೂಲೆಯಲ್ಲಿ ಡಬ್ಬಿ ಹಿಡಿದ ಒಂದು ಕೈ ಕಾಣುತ್ತದೆ. ಅದು ಇವರದು.

ಮಾದರಿ ವಿಮಾನದ ಇಂಜಿನ್ನಿಗೆ ಕಾರಿನಂತೆ ಎಣ್ಣೆಗೆಂದು ಬೇರೆ ತೊಟ್ಟಿ ಇರುವುದಿಲ್ಲ. ಉರಿಯುವ ಮೆಥನಾಲ್ ಜೊತೆಯಲ್ಲೇ ಎಣ್ಣೆಯೂ ಒಳಗೆ ಹೋಗಬೇಕು, ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗುವ ಲೋಹವನ್ನು ಕಾಯಬೇಕು, ಕಾದು ಮುಗಿಸಿ ಹೊಗೆಯ ಜೊತೆ ಹೊರಗೆ ಬೀಳಬೇಕು. ಯಾವ ಎಣ್ಣೆ, ಎಷ್ಟು ಎಣ್ಣೆ ಎಂಬುದರಲ್ಲೇ ಇಂಜಿನ್ನಿನ ಆಯುಸ್ಸು ಇದೆ. ಹರಳೆಣ್ಣೆಯೋ, ಕಾರ್ಖಾನೆಯಲ್ಲಿ ತಯಾರಾದ ಕೃತಕ ಎಣ್ಣೆಯೋ ಎಂಬುದು ಹಾರಿಸುವವರ ನಡುವೆ ಎಂದೂ ಮುಗಿಯದ ಜಗಳ. ಕಾಂಪೌಂಡರಮ್ಮನವರಿಗೆ ಅದು ಜಗಳವೇ ಅಲ್ಲ.

"ಹರಳೆಣ್ಣೆ ಕಷ್ಟ ಬಂದಾಗ ಕೈ ಬಿಡಲ್ಲ. ಕಾದಷ್ಟೂ ಗಟ್ಟಿಯಾಗಿ ಲೋಹಕ್ಕೆ ಅಂಟ್ಕೊಂಡು ಕೂತಿರತ್ತೆ. ಆದ್ರೆ ಹೋಗುವಾಗ ಮನೆಯೆಲ್ಲ ಗಲೀಜು ಮಾಡಿ ಹೋಗತ್ತೆ. ಕಾರ್ಖಾನೆ ಎಣ್ಣೆ ಬಲು ಚೊಕ್ಕ. ಆದ್ರೆ ಬಿಸಿ ಮಿತಿ ಮೀರಿದ್ರೆ ಮೊದಲು ಓಡಿಹೋಗೋದೂ ಅದೇ. ನಮ್ಮ ನೆಂಟರಲ್ಲೂ ಎರಡೂ ಥರದವರು ಇದಾರಲ್ಲ, ಯಾರನ್ನ ಯಾವುದಕ್ಕೆ ಕರೀಬೇಕು ಅಂತ ಗೊತ್ತಿದ್ರೆ ಆಯ್ತು."

ಹಾಗಾಗಿ ಅವರ ಮೇಜಿನ ಮೇಲೆ ಮೂರು ಬಣ್ಣದ ಡಬ್ಬಿಗಳು. ಕೆಂಪು ಮುಚ್ಚಳದ್ದು ಕಬ್ಬಿಣದ ಪಿಸ್ಟನ್ನಿನ ಹಳೆಯ ಇಂಜಿನ್ನುಗಳಿಗೆ. ಅದರಲ್ಲಿ ಹರಳೆಣ್ಣೆ ಬಿಟ್ಟು ಬೇರೆ ಎಣ್ಣೆ ಇಲ್ಲ, ಅದೂ ನೂರಕ್ಕೆ ಇಪ್ಪತ್ತೈದು. ಹಸಿರು ಮುಚ್ಚಳದ್ದು ಈಚಿನ ಇಂಜಿನ್ನುಗಳಿಗೆ, ಎರಡೂ ಎಣ್ಣೆಯ ಬೆರಕೆ. ನೀಲಿ ಮುಚ್ಚಳದ್ದು ಕಾರಿನ ಇಂಜಿನ್ನಿನ ಹಾಗೆ ನಾಲ್ಕು ಹೊಡೆತದಲ್ಲಿ ಓಡುವ, ಮೆತ್ತಗೆ ಮಾತಾಡುವ ಇಂಜಿನ್ನುಗಳಿಗೆ. ಅದರಲ್ಲಿ ಎಣ್ಣೆ ಕಡಿಮೆ, ನೈಟ್ರೋ ಸ್ವಲ್ಪ ಮುಂದು. ಈ ನೈಟ್ರೋ ಎಂಬ ದ್ರಾವಣ ಇಂಜಿನ್ನಿಗೆ ಹುರುಪು ಕೊಡುತ್ತದೆ. ಎಲ್ಲರೂ ಬಂದು ಅದನ್ನೇ ಇನ್ನಷ್ಟು ಹಾಕಿ ಎನ್ನುತ್ತಾರೆ. "ನೈಟ್ರೋ ಹೊಗಳಿಕೆ ಇದ್ದ ಹಾಗೆ. ಒಂಚೂರು ಇದ್ರೆ ಮೈ ಬಗ್ಗಿಸಿ ಕೆಲಸ ಮಾಡ್ತಾರೆ. ಜಾಸ್ತಿ ಆದ್ರೆ ತಲೆಗೇರತ್ತೆ, ಒಳಗೊಳಗೇ ತುಕ್ಕೂ ಹಿಡಿಯತ್ತೆ" ಎಂದು ಹೇಳಿ ಕಳಿಸುತ್ತಾರೆ.

ಕೆಲಸ ನಡೆಯುವುದು ಮನೆಯ ಹಿಂದಿನ ಸೈಕಲ್ ಶೆಡ್ಡಿನಲ್ಲಿ. ಹತ್ತು ಅಡಿಗೆ ಎಂಟು ಅಡಿ. ಎರಡು ಗೋಡೆಗೆ ಎದುರು ಬದುರು ಕಿಟಕಿ, ಸಿಮೆಂಟಿನ ನೆಲ, ಬಾಗಿಲಾಚೆ ಎರಡು ಬಕೆಟ್ ನೀರು. ಒಳಗೆ ಬೆಂಕಿಕಡ್ಡಿ, ಮೊಬೈಲು, ಹರಟೆ ಮೂರೂ ನಿಷಿದ್ಧ. ಮೆಥನಾಲ್ ಬಿಸಿಲಲ್ಲಿ ಹೊತ್ತಿಕೊಂಡರೆ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಅವರ ಎಡ ಮುಂಗೈ ಮೇಲಿನ ನುಣುಪಾದ ಕಲೆ ಅದರದೇ ಗುರುತು. "ಗಾಳಿ ನಡುಗೋದು ಕಂಡಿತು, ಬೆಂಕಿ ಕಾಣ್ಲಿಲ್ಲ. ಕೈ ಸುಟ್ಟ ಮೇಲೆ ಗೊತ್ತಾಯ್ತು." ಅದು ಕುಡಿದರೆ ಕಣ್ಣು ಕಳೆಯುವ ವಿಷ ಕೂಡ. ಅದಕ್ಕೇ ನೀರಿನ ಬಾಟಲಿಯಲ್ಲಿ ತುಂಬಿಕೊಡಿ ಎಂದು ಯಾರು ಬಂದರೂ, ಎಷ್ಟೇ ಪರಿಚಯದವರಾದರೂ, ಬರಿಗೈಲಿ ವಾಪಸ್ಸು ಹೋಗುತ್ತಾರೆ. ತೇವದ ದಿನ ಡ್ರಮ್ಮಿನ ಮುಚ್ಚಳ ತೆಗೆಯುವುದಿಲ್ಲ, ಯಾಕೆಂದರೆ ಮೆಥನಾಲ್ ಗಾಳಿಯಲ್ಲಿನ ನೀರನ್ನು ಹೀರಿಕೊಂಡು ಕೆಡುತ್ತದೆ. ಅಂಥ ದಿನ ಶೆಡ್ಡಿನ ಬಾಗಿಲಿಗೆ ಒಂದು ರಟ್ಟು ನೇತಾಡುತ್ತದೆ: "ಇವತ್ತು ಆಗೋದಿಲ್ಲ. ಕಾರಣ ಆಕಾಶ ನೋಡಿ."

ಶನಿವಾರ ಇಪ್ಪತ್ತಾರು ಡಬ್ಬಿ ತುಂಬುತ್ತಾರೆ. ಒಂದೊಂದು ಡಬ್ಬಿ ಒಂದು ಲೀಟರು. ಒಂದು ಡಬ್ಬಿಗೆ ಹನ್ನೊಂದು ನಿಮಿಷ, ಅದರಲ್ಲಿ ನಾಲ್ಕು ನಿಮಿಷ ಬರೀ ಸೋಸುವುದಕ್ಕೆ. ಗೋಡೆಯ ಗೂಡಿನಲ್ಲಿ ಆಸ್ಪತ್ರೆಯ ಚೀಟಿಗಳಂತೆ ಕಾರ್ಡುಗಳ ಕಟ್ಟು. ಪ್ರತಿ ಇಂಜಿನ್ನಿಗೂ ಒಂದು ಕಾರ್ಡು: ವಯಸ್ಸು, ಪಿಸ್ಟನ್ನು ಯಾವುದು, ಮೂತಿಯ ಪಂಖದ ಅಳತೆ, ಹಿಂದೆ ಏನು ಕುಡಿದಿತ್ತು, ಯಾವಾಗ ಕಾಯಿಲೆ ಬಿದ್ದಿತ್ತು. ಇಂಜಿನ್ನು ತರದೆ, ಕಾರ್ಡು ಇಲ್ಲದೆ, "ಒಳ್ಳೇದು ಯಾವುದಿದೆಯೋ ಅದು ಕೊಡಿ" ಎಂದವರಿಗೆ ಅವರ ಉತ್ತರ ಒಂದೇ. "ರೋಗಿ ಎಲ್ಲಿ?"

ಈ ಮಾತಿನ ಮೂಲ ಅವರ ಹಳೆಯ ಕೆಲಸದಲ್ಲಿದೆ. ಹತ್ತೊಂಬತ್ತನೇ ವಯಸ್ಸಿಗೆ ಆಸ್ಪತ್ರೆಯೊಂದರ ಔಷಧ ಕೋಣೆಗೆ ಸೇರಿದವರು ಇಪ್ಪತ್ತು ವರ್ಷ ಅಲ್ಲೇ ಕಾಂಪೌಂಡರ್ ಆಗಿದ್ದರು. ಡಾಕ್ಟರು ಬರೆದ ಚೀಟಿ ನೋಡಿ ಕೆಮ್ಮಿನ ನೀರು, ಹೊಟ್ಟೆಯ ನೀರು, ಮುಲಾಮು ಎಲ್ಲವನ್ನೂ ಕೈಯಾರೆ ಬೆರೆಸುತ್ತಿದ್ದ ಕಾಲ. ಆಮೇಲೆ ಎಲ್ಲವೂ ಸೀಲು ಮಾಡಿದ ಬಾಟಲಿಯಲ್ಲೇ ಬರತೊಡಗಿತು. ಬೆರೆಸುವ ಕೋಣೆಗೆ ಬೀಗ ಬಿತ್ತು. ಗಾಜಿನ ಅಳತೆ ಕೊಳವೆಗಳನ್ನು ಕಸದ ಡಬ್ಬಿಗೆ ಹಾಕುವುದನ್ನು ನೋಡಲಾರದೆ ಕೇಳಿ ಮನೆಗೆ ತಂದರು. "ನನ್ನನ್ನ ಕಿಟಕಿ ಹತ್ರ ಕೂರಿಸಿ ಬಾಟಲಿ ಎತ್ತಿ ಕೊಡು ಅಂದ್ರು. ಅದಕ್ಕೆ ನಾನ್ಯಾಕೆ, ಕೈ ಇದ್ರೆ ಸಾಕಲ್ವಾ? ಬಿಟ್ಟು ಬಂದೆ."

ಅವರ ಅಣ್ಣ ನಕ್ಷೆಗಾರ, ವಿಮಾನದ ಹುಚ್ಚು ಹಿಡಿದವರು, ಹಾರಾಟದ ಸಂಘದ ಕಾರ್ಯದರ್ಶಿ. ತಯಾರಾಗಿ ಬರುತ್ತಿದ್ದ ಇಂಧನ ಅದೇ ವರ್ಷ ಸಿಗದಂತಾಗಿ, ಸಂಘದವರು ತಲೆಗೊಂದರಂತೆ ಬೆರೆಸಿ ನೋಡುತ್ತಿದ್ದರು. ಅಡುಗೆ ಮನೆಯ ಲೋಟದಲ್ಲಿ ಅಳೆಯುವವರೂ ಇದ್ದರು. ಅಣ್ಣ ಒಂದು ದಿನ ಬಂದು, "ನಿನ್ನ ಗಾಜಿನ ಕೊಳವೆ ಒಂದು ಕೊಡ್ತೀಯಾ?" ಎಂದರು. "ಕೊಳವೆ ಕೊಡಲ್ಲ. ಬೇಕಾದ್ರೆ ನಾನೇ ಅಳೆದು ಕೊಡ್ತೀನಿ" ಎಂದರು ತಂಗಿ. ಶುರುವಾಗಿದ್ದು ಹಾಗೆ.

ಹತ್ತು ವರ್ಷ ಯಾವ ತೊಂದರೆಯೂ ಬರಲಿಲ್ಲ. ನಲವತ್ತಮೂರು ಮಂದಿ ಇವರ ಡಬ್ಬಿಯನ್ನೇ ನೆಚ್ಚಿಕೊಂಡಿದ್ದರು. ಹನ್ನೊಂದನೆಯ ವರ್ಷದ ಬೇಸಿಗೆಯಲ್ಲಿ ಸಂಘ ದೊಡ್ಡದೊಂದು ಸ್ಪರ್ಧೆ ಏರ್ಪಡಿಸಿತು. ಎಲ್ಲರಿಗೂ ಒಂದೇ ಇಂಧನ ಎಂದು ನಿಯಮ. ನೂರಕ್ಕೆ ಇಪ್ಪತ್ತು ಹರಳೆಣ್ಣೆ, ಎಂಬತ್ತು ಮೆಥನಾಲ್. ಹಳೆಯ ಕಬ್ಬಿಣದ ಇಂಜಿನ್ನುಗಳಿಗೆ ಅದು ಅಂಚಿನ ಅಳತೆ. ಹಾಳಾಗುವುದಿಲ್ಲ, ಹಾಗೆಂದು ಮೇಲೆ ಒಂದು ಹನಿಯ ಧಾರಾಳವೂ ಇಲ್ಲ. ಒಂದೇ ವಾರದಲ್ಲಿ ನೂರು ಲೀಟರು ಬೇಕಿತ್ತು. ಗಾಜಿನ ಕೊಳವೆಯಲ್ಲಿ ಅಳೆಯುತ್ತ ಕೂತರೆ ಮುಗಿಯದು ಎಂದು ಸಂಘದವರು ದೊಡ್ಡ ತಕ್ಕಡಿಯೊಂದನ್ನು ತಂದುಕೊಟ್ಟರು. ಕೆಂಪು ಅಂಕಿ ಮೂಡುವ, ಹೊಚ್ಚ ಹೊಸ ತಕ್ಕಡಿ.

ಸ್ಪರ್ಧೆಯ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಹನ್ನೊಂದು ಗಂಟೆಗೆ ಮೊದಲ ಇಂಜಿನ್ನು ಗಾಳಿಯಲ್ಲೇ ಸೆಟೆದು ನಿಂತಿತು. ಒಂದು ಗಂಟೆಯ ಹೊತ್ತಿಗೆ ಆರು. ಆರೂ ಹಳೆಯ ಕಬ್ಬಿಣದ ಪಿಸ್ಟನ್ನಿನವು. ಆರನೆಯದು ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರದು. ಸಂಘದವರು ಅವರನ್ನು ಗಡಿಯಾರದಣ್ಣ ಎನ್ನುತ್ತಿದ್ದರು. ಅಂಗಡಿಯಲ್ಲಿ ಕಾಯುವವರಿಲ್ಲದ ಹೊತ್ತಿನಲ್ಲಿ, ಮೂರು ವರ್ಷ, ಕೈಯಿಂದಲೇ ಕಡೆದು ಉಜ್ಜಿ ಮಾಡಿದ ಇಂಜಿನ್ನು ಅದು. ಪಿಸ್ಟನ್ನಿಗೂ ಅದು ಓಡಾಡುವ ಸಿಲಿಂಡರಿಗೂ ನಡುವೆ ಎಣ್ಣೆಯ ಪೊರೆಯೊಂದೇ ಹಿಡಿಯುವಷ್ಟು ಜಾಗ. ವಿಮಾನ ಇಳಿದ ಮೇಲೆ ಅವರು ಪಂಖವನ್ನು ಬೆರಳಿನಿಂದ ತಿರುಗಿಸಲು ನೋಡಿದರು. ಅಲುಗಲಿಲ್ಲ. "ಹಿಡ್ಕೊಂಡ್ಬಿಟ್ಟಿದೆ" ಎಂದಷ್ಟೇ ಹೇಳಿ, ಇಂಜಿನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದರು.

ಕಾಂಪೌಂಡರಮ್ಮನವರ ಮೇಲೆ ಯಾರೊಬ್ಬರಿಗೂ ಅನುಮಾನ ಬರಲಿಲ್ಲ. ಹರಳೆಣ್ಣೆಯ ಡ್ರಮ್ಮು ಹೊಸದಾಗಿ ಬಂದಿತ್ತು. ಎಣ್ಣೆ ಅಂಗಡಿಯವರು ಕಲಬೆರಕೆ ಮಾಡಿದ್ದಾರೆ ಎಂದು ಅಲ್ಲೇ ತೀರ್ಮಾನವಾಯಿತು. ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತಬಾರದು, ಊರಿನ ಉಳಿದ ಗಿರಾಕಿಗಳಿಗೂ ತಿಳಿಸಬೇಕು ಎಂದು ಅಣ್ಣ ಕಾಗದ ಬರೆಯಲು ಕೂತರು. ಇವರಿಗೂ ಅದೇ ನಿಜವೆನ್ನಿಸಿತ್ತು. "ನಾನೂ ಅಂಗಡಿಯವರನ್ನ ಬೈದೆ. ಚೆನ್ನಾಗೇ ಬೈದೆ."

ಆದರೂ ಕಾಂಪೌಂಡರ್ ಬುದ್ಧಿ ಸುಮ್ಮನಿರಲಿಲ್ಲ. ಸೋಮವಾರ ಅದೇ ಡ್ರಮ್ಮಿನ ಎಣ್ಣೆಯಿಂದ ಗಾಜಿನ ಕೊಳವೆಯಲ್ಲಿ ಅಳೆದು ಹೊಸದಾಗಿ ಸ್ವಲ್ಪ ಬೆರೆಸಿದರು. ಸ್ಪರ್ಧೆಯಲ್ಲಿ ಉಳಿದಿದ್ದ ಇಂಧನವನ್ನೂ ಅಷ್ಟೇ ತೆಗೆದುಕೊಂಡರು. ಎರಡನ್ನೂ ಎರಡು ತಟ್ಟೆಯಲ್ಲಿ ಸುರಿದು, ಹೆಸರು ಬರೆದು, ಮೆಥನಾಲ್ ಆರಿಹೋಗಲೆಂದು ಕಿಟಕಿಯಾಚೆಯ ಜಗಲಿಯಲ್ಲಿ ಇಟ್ಟರು. ಮಂಗಳವಾರ ಮಧ್ಯಾಹ್ನ ತಟ್ಟೆಯಲ್ಲಿ ಉಳಿದ ಎಣ್ಣೆಯನ್ನು ಅಳೆದಾಗ, ಹೊಸದರಲ್ಲಿ ನೂರಕ್ಕೆ ಇಪ್ಪತ್ತು. ಸ್ಪರ್ಧೆಯದರಲ್ಲಿ ಹದಿನೇಳು. ಡ್ರಮ್ಮು ಒಂದೇ, ಎಣ್ಣೆ ಒಂದೇ, ಕೈಯೂ ಒಂದೇ. ಬೇರೆಯಾಗಿದ್ದು ಏನು ಎಂದು ಶೆಡ್ಡಿನ ಸುತ್ತ ಕಣ್ಣಾಡಿಸಿದರು.

"ತಕ್ಕಡಿ ಮೇಜಿನ ಮೇಲೆ ಕೂತು ನನ್ನನ್ನೇ ನೋಡ್ತಿತ್ತು" ಎನ್ನುತ್ತಾರೆ.

ಮೆಥನಾಲ್ ಹಗುರ. ಒಂದು ಲೀಟರು ಎಂಟುನೂರು ಗ್ರಾಂ ಕೂಡ ತೂಗುವುದಿಲ್ಲ. ಎಣ್ಣೆ ಅದಕ್ಕಿಂತ ಭಾರ. ಕೊಳವೆಯಲ್ಲಿ ಅಳೆಯಬೇಕಾದ ಇಪ್ಪತ್ತು–ಎಂಬತ್ತನ್ನು ತಕ್ಕಡಿಯಲ್ಲಿ ತೂಗಿದರೆ, ತೂಕ ಸರಿಯಾಗಿರುತ್ತದೆ, ಆದರೆ ಮೆಥನಾಲ್ ಅಷ್ಟು ಹೆಚ್ಚಾಗಿ, ಎಣ್ಣೆ ಅಷ್ಟು ಕಮ್ಮಿಯಾಗಿ ಬೀಳುತ್ತದೆ. ಇದು ಗೊತ್ತಿಲ್ಲದವರಲ್ಲ ಅವರು. ಪುಡಿಯನ್ನು ತೂಗಬೇಕು, ದ್ರವವನ್ನು ಅಳೆಯಬೇಕು ಎಂದು ಇಪ್ಪತ್ತು ವರ್ಷ ಹೊಸಬರಿಗೆ ಪಾಠ ಹೇಳಿದವರು. "ಗೊತ್ತಿಲ್ದೆ ಮಾಡಿದ್ರೆ ಅಷ್ಟು ಉರೀತಿರಲಿಲ್ಲ. ಗೊತ್ತಿದ್ದೂ ಮಾಡಿದೆ. ಅವಸರ, ಹೊಸ ತಕ್ಕಡಿ, ನನಗೆ ಎಲ್ಲಾ ಬರತ್ತೆ ಅನ್ನೋ ಜಂಬ. ಆಸ್ಪತ್ರೇಲಿ ವಿಷದ ಔಷಧಿ ಅಳೆಯುವಾಗ ಇಬ್ಬರು ಇರ್ಬೇಕು ಅಂತ ಕಟ್ಟುನಿಟ್ಟು. ಒಬ್ಬರು ಸುರಿಯೋದು, ಇನ್ನೊಬ್ಬರು ಅಂಕಿ ಓದಿ ಹೇಳೋದು. ಮನೇಲಿ ಯಾರು ಕೇಳ್ತಾರೆ ಅಂತ ಒಬ್ಬಳೇ ಮಾಡಿದೆ."

ಅಣ್ಣನ ಮನೆಗೆ ಹೋಗಿ ವಿಷಯ ಹೇಳಿದರು. ಅಣ್ಣ ಎದ್ದು ಬಾಗಿಲು ಮುಚ್ಚಿದರು. "ಯಾರೂ ನಿನ್ನ ಕೇಳಿಲ್ಲ. ನೀನ್ಯಾಕೆ ಮೈಮೇಲೆ ಎಳ್ಕೋತೀಯ? ಅಂಗಡಿಯವನಿಗೆ ನಾವೊಬ್ಬರೇ ಗಿರಾಕಿನಾ? ನಾಲ್ಕು ದಿನ ಬೈತಾರೆ, ಮರೀತಾರೆ. ನೀನು ಹೇಳಿದ್ರೆ ನನ್ನ ಮಾನವೂ ಹೋಗತ್ತೆ."

ತಲೆ ತಗ್ಗಿಸಿ ಮನೆಗೆ ಬಂದರು. ಗಂಡ ಬಸ್ಸಿನ ಡ್ರೈವರು, ಅಂದು ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ತಟ್ಟೆಯಿಂದ ಕಣ್ಣೆತ್ತದೆ, "ಗಾಡಿ ಏನಕ್ಕಾದ್ರೂ ತಾಗಿದ್ರೆ ಇಳಿದು ನೋಡ್ಬೇಕು ಕಣೇ. ನೋಡದೆ ಹೋದ್ರೆ ದಾರಿಯುದ್ದ ಅದೇ ಸದ್ದು ಕೇಳ್ತಾ ಇರತ್ತೆ" ಎಂದರು. ಆಮೇಲೆ ಇನ್ನೊಂದು ತುತ್ತು ತಿಂದು, "ನಾನೂ ಜೊತೆಗೆ ಬರ್ಲಾ?" ಎಂದು ಕೇಳಿದರು.

ಬೇಡವೆಂದು ಒಬ್ಬರೇ ಹೋದರು, ಮೊದಲು ಎಣ್ಣೆ ಅಂಗಡಿಗೆ. ಅಂಗಡಿಯವರು ಎಲ್ಲ ಕೇಳಿ, ಸ್ಟೂಲು ಎಳೆದು ಕೊಟ್ಟರು. "ಕೂತ್ಕೊಳಮ್ಮ. ಎರಡು ದಿನದಿಂದ ಅನ್ನ ಸೇರ್ತಿಲ್ಲ. ನಾನೇ ಎಲ್ಲಾದ್ರೂ ಡ್ರಮ್ಮು ಅದಲು ಬದಲು ಮಾಡಿದ್ನಾ ಅಂತ ಗೋದಾಮೆಲ್ಲ ತಡಕಾಡಿಬಿಟ್ಟೆ" ಎಂದವರ ಕಣ್ಣು ತುಂಬಿತ್ತು. "ಆಗ ನನಗೆ ಗೊತ್ತಾಯ್ತು" ಎನ್ನುತ್ತಾರೆ ಇವರು, "ಸುಮ್ನಿದ್ದಿದ್ರೆ ಏಳನೇದಾಗಿ ಯಾವುದು ಹಿಡ್ಕೋತಿತ್ತು ಅಂತ."

ಮುಂದಿನ ಭಾನುವಾರ ಬಯಲಿನಲ್ಲಿ ಎಲ್ಲರೂ ಸೇರಿದ್ದಾಗ ಎದ್ದು ನಿಂತು ಹೇಳಿದರು. ಸಿದ್ಧಪಡಿಸಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಗಿ, "ಎಣ್ಣೆ ಸರಿಯಾಗಿತ್ತು, ಅಳತೆ ತಪ್ಪಿದ್ದು ನಾನು" ಎಂಬುದಷ್ಟೇ ಬಾಯಿಗೆ ಬಂತು. ಒಬ್ಬರು ತಮ್ಮ ಡಬ್ಬಿಯ ಮುಚ್ಚಳ ತೆಗೆದು, ಅವರ ಕಣ್ಣೆದುರೇ, ಇಂಧನವನ್ನು ಹುಲ್ಲಿನ ಮೇಲೆ ಚೆಲ್ಲಿದರು. ನಲವತ್ತಮೂರು ಮಂದಿಯಲ್ಲಿ ಒಂಬತ್ತು ಮಂದಿ ಉಳಿದರು. ಅಣ್ಣ ನಾಲ್ಕು ತಿಂಗಳು ಮಾತು ಬಿಟ್ಟರು. ಗಡಿಯಾರದಣ್ಣ ಅಂದು ಬಯಲಿಗೇ ಬಂದಿರಲಿಲ್ಲ.

ಆ ವರ್ಷ ಕಾಂಪೌಂಡರಮ್ಮ ಇಂಜಿನ್ನು ಬಿಚ್ಚುವುದನ್ನು ಕಲಿತರು. ಹಾಳಾದ ಆರರಲ್ಲಿ ಐದು, ಕಾರ್ಖಾನೆಯಲ್ಲಿ ತಯಾರಾದವು. ಅವುಗಳಿಗೆ ಬಿಡಿಭಾಗ ಹುಡುಕಿ ತರಿಸಿ, ಒಂದೊಂದಾಗಿ ಕೂಡಿಸಿ, ಅವರವರ ಮನೆ ಬಾಗಿಲಿಗೆ ಒಯ್ದು ಕೊಟ್ಟರು. ಆರನೆಯದಕ್ಕೆ ಬಿಡಿಭಾಗ ಎಲ್ಲಿಂದ ತರುವುದು? ಮೂರು ಸಲ ಗಡಿಯಾರದ ಅಂಗಡಿಗೆ ಹೋದರು. ಮೂರು ಸಲವೂ ಅವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ, "ಕೆಲಸ ಇದೆ" ಎಂದರು. ನಾಲ್ಕನೆಯ ಸಲ ಹೋಗುವ ಧೈರ್ಯ ಬರಲಿಲ್ಲ.

ಹದಿನಾಲ್ಕು ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ, ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಗಡಿಯಾರದಣ್ಣ. ಕೈಯಲ್ಲಿ ಕರವಸ್ತ್ರದ ಗಂಟು.

"ಹೊಸ ಪಿಸ್ಟನ್ನು. ಹನ್ನೊಂದು ತಿಂಗಳು ಹಿಡೀತು" ಎಂದರು. ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. "ಎಣ್ಣೆ ಬೇಕು."

"ನನ್ನ ಹತ್ರಾನಾ?"

"ನೀನು ಸುರಿ. ನಾನು ಓದ್ತೀನಿ."

ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅವರು ಅಂಕಿ ಓದಿದರು. ಹತ್ತು, ಹದಿನೈದು, ಇಪ್ಪತ್ತು, ಇಪ್ಪತ್ತೈದು. ಗಾಜಿನ ಗೋಡೆಗೆ ಅಂಟಿದ ಎಣ್ಣೆಯೂ ಇಳಿಯುವವರೆಗೆ ಇಬ್ಬರೂ ಕಾದರು. ಇಂಜಿನ್ನನ್ನು ಮರದ ಸ್ಟ್ಯಾಂಡಿಗೆ ಬಿಗಿದು ಅಂಗಳದಲ್ಲಿ ಓಡಿಸಿದರು. ಮೊದಲು ಎರಡು ನಿಮಿಷ, ಆರಲು ಬಿಟ್ಟು ಮತ್ತೆ ಎರಡು ನಿಮಿಷ. ಎಂಟನೆಯ ಸಲಕ್ಕೆ ಅದು ತನ್ನ ದನಿ ಕಂಡುಕೊಂಡಿತು. ಬಿಳಿ ಬಟ್ಟೆಯ ಮೇಲೆ ಜೇನಿನ ಬಣ್ಣ ಬಂದಾಗ ಗಡಿಯಾರದಣ್ಣ ಮೊದಲ ಬಾರಿಗೆ ಅವರ ಮುಖ ನೋಡಿ ಮಾತಾಡಿದರು.

"ನಿನ್ನ ಮೇಲೆ ಸಿಟ್ಟು ಇತ್ತು, ಇಲ್ಲ ಅನ್ನಲ್ಲ. ಆದ್ರೆ ಒಂದು ಹೇಳ್ತೀನಿ ಕೇಳು. ಅವತ್ತು ಮನೆಗೆ ಹೋಗಿ, ನಾನು ಪಿಸ್ಟನ್ನು ಉಜ್ಜಿದ್ದೇ ಸರಿಯಿಲ್ಲ, ಕಣ್ಣು ಹೋಯ್ತು, ಕೈ ಹೋಯ್ತು ಅಂತ ಕೂತಿದ್ದೆ. ಆಯುಧವನ್ನೆಲ್ಲ ಪೆಟ್ಟಿಗೆಗೆ ತುಂಬಿದ್ದೆ. ನೀನು ಹೇಳಿದ್ದು ಕಿವಿಗೆ ಬಿದ್ದ ಮೇಲೆ ಪೆಟ್ಟಿಗೆ ತೆಗೆದೆ."

ಇದನ್ನು ಹೇಳುವಾಗ ಕಾಂಪೌಂಡರಮ್ಮ ಮೇಜಿನ ಮೇಲಿನ ಡಬ್ಬಿಗಳನ್ನು ಸುಮ್ಮನೆ ಆಚೀಚೆ ಸರಿಸುತ್ತಾರೆ.

ಅಂದಿನಿಂದ ಅವರು ಒಬ್ಬರೇ ಒಂದು ಹನಿಯನ್ನೂ ಅಳೆದಿಲ್ಲ. ಈಗ ಅಂಕಿ ಓದುವ ಕೆಲಸ ನಿವೃತ್ತರಾದ ಗಂಡನದು. "ಮೂವತ್ತಾರು ವರ್ಷ ಡೀಸೆಲ್ ವಾಸನೆ. ಇನ್ನಾದ್ರೂ ಬೇರೆ ಗಾಳಿ ಕುಡಿಯೋಣ ಅಂದ್ರೆ ಹರಳೆಣ್ಣೆ. ಚಿಕ್ಕವನಿದ್ದಾಗ ನಮ್ಮಜ್ಜಿ ಮೂಗು ಹಿಡಿದು ಕುಡಿಸ್ತಿದ್ಲು, ಈಗ ಇವಳು ಮೂಗು ಬಿಟ್ಟು ಕುಡಿಸ್ತಾಳೆ" ಎಂದು ಅವರು ಗೊಣಗುತ್ತಾರೆ. ಆದರೆ ಶನಿವಾರ ಬೆಳಗ್ಗೆ ಕನ್ನಡಕ ಒರೆಸಿಕೊಂಡು ಶೆಡ್ಡಿನ ಬಾಗಿಲಲ್ಲಿ ಮೊದಲು ನಿಲ್ಲುವವರೂ ಅವರೇ. ಗಂಡನಿಗೆ ಜ್ವರ ಬಂದ ವಾರ ಅಣ್ಣ ಬಂದು ಓದುತ್ತಾರೆ. ಅಣ್ಣ–ತಂಗಿ ಆ ಹಳೆಯ ವಿಷಯ ಎತ್ತುವುದಿಲ್ಲ. ಒಮ್ಮೆ ಮಾತ್ರ, ಇಪ್ಪತ್ತೈದರ ಗೆರೆ ಓದಿ ಮುಗಿಸಿದ ಮೇಲೆ ಅಣ್ಣ, "ಅವತ್ತು ನಾನು ಬಾಗಿಲು ಮುಚ್ಚಬಾರದಿತ್ತು" ಎಂದರಂತೆ. "ಗಾಳಿ ಜೋರಿತ್ತು ಬಿಡು" ಎಂದರಂತೆ ತಂಗಿ.

ಬಿಟ್ಟುಹೋದವರಲ್ಲಿ ಅರ್ಧದಷ್ಟು ಮಂದಿ ಮೆಲ್ಲಗೆ ಮರಳಿ ಬಂದರು. ಡಬ್ಬಿ ಚೆಲ್ಲಿದವರು ಬರಲಿಲ್ಲ, ಅದಕ್ಕೆ ಇವರಿಗೆ ಬೇಸರವೂ ಇಲ್ಲ. ಈಗಿನ ಸಂಖ್ಯೆ ಇಪ್ಪತ್ತಾರರಿಂದ ಮೇಲೇರುವ ಲಕ್ಷಣವಿಲ್ಲ. ಹೊಸದಾಗಿ ಸೇರುವವರೆಲ್ಲ ಬ್ಯಾಟರಿಯ ವಿಮಾನ ತರುತ್ತಾರೆ. ಅವು ಜೇನುನೊಣದ ಹಾಗೆ ಗುಂಯ್‌ಗುಟ್ಟಿ ಏರುತ್ತವೆ, ಬಟ್ಟೆಗೆ ಕಲೆ ಮಾಡುವುದಿಲ್ಲ. "ಬ್ಯಾಟರಿ ಒಳ್ಳೇದೇ ಕಣ್ರೀ. ಕೈ ತೊಳೆಯೋ ಕೆಲಸ ಇಲ್ಲ, ಕೈ ಸುಡೋ ಭಯ ಇಲ್ಲ. ಆದ್ರೆ ಅದಕ್ಕೆ ನೆಗಡಿ ಆದ್ರೆ ನನಗೆ ಕೇಳಿಸಲ್ಲ" ಎಂದು ನಗುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಬಯಲಿನಲ್ಲಿ ಗಾಳಿ ಏಳುತ್ತದೆ, ವಿಮಾನಗಳು ಇಳಿಯುತ್ತವೆ. ಕಾಂಪೌಂಡರಮ್ಮ ಪ್ರತಿ ಇಂಜಿನ್ನಿನೊಳಗೂ ಎರಡು ಹನಿ ತೆಳು ಎಣ್ಣೆ ಬಿಡುತ್ತಾರೆ, ತುಕ್ಕು ಹಿಡಿಯದಿರಲೆಂದು. ಆಮೇಲೆ ಮನೆಗೆ ಹೋಗಿ ಅಂಗಳದಲ್ಲಿ ಮರದ ಸ್ಟ್ಯಾಂಡನ್ನು ಸಿದ್ಧ ಮಾಡುತ್ತಾರೆ. ಹನ್ನೊಂದಕ್ಕೆ ಗಡಿಯಾರದಣ್ಣ ಬರುತ್ತಾರೆ. ಅವರಿಗೀಗ ಎಂಬತ್ತನಾಲ್ಕು. ಕಣ್ಣಿಗೆ ಪೊರೆ ಕವಿದು, ಆಕಾಶದಲ್ಲಿ ವಿಮಾನ ಎಲ್ಲಿದೆಯೆಂದು ಕಾಣುವುದಿಲ್ಲ, ಹಾಗಾಗಿ ಹಾರಿಸುವುದನ್ನು ಬಿಟ್ಟು ಐದು ವರ್ಷವಾಯಿತು. ಆದರೆ ಪ್ರತಿ ಭಾನುವಾರ ಇಂಜಿನ್ನು ತರುತ್ತಾರೆ. ಸ್ಟ್ಯಾಂಡಿಗೆ ಬಿಗಿದು, ಕೆಂಪು ಮುಚ್ಚಳದ ಡಬ್ಬಿಯಿಂದ ತುಂಬಿ, ಇವರು ಪಂಖಕ್ಕೆ ಒಂದು ತಟ್ಟು ಕೊಡುತ್ತಾರೆ. ಎರಡನೆಯ ತಟ್ಟಿಗೆ ಅಂಗಳ ತುಂಬ ಸದ್ದು. ಪಕ್ಕದ ಮನೆಯ ಕಿಟಕಿ ಪಟ್ಟೆಂದು ಮುಚ್ಚಿಕೊಳ್ಳುತ್ತದೆ. ಇಬ್ಬರೂ ಎರಡು ಕುರ್ಚಿಯಲ್ಲಿ, ತಲೆ ಒಂದೇ ಕಡೆಗೆ ವಾಲಿಸಿ, ಕೂರುತ್ತಾರೆ.

"ಒಂದು ಹಲ್ಲು ಬಿಡು" ಎನ್ನುತ್ತಾರೆ ಅವರು.

"ಬೇಡ. ಸರಿಯಾಗಿದೆ" ಎನ್ನುತ್ತಾರೆ ಇವರು.

"ನಾನು ಮಾಡಿದ ಇಂಜಿನ್ನು ಅದು."

"ನಾನು ಹಾಕಿದ ಎಣ್ಣೆ ಅದು."

ತೊಟ್ಟಿ ಬರಿದಾಗುವವರೆಗೆ, ಏಳು ನಿಮಿಷ, ಆಮೇಲೆ ಇಬ್ಬರೂ ಅದನ್ನೇ ಕೇಳುತ್ತಾರೆ.

ಇಷ್ಟು ವರ್ಷವಾದ ಮೇಲೆ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಕಾಂಪೌಂಡರಮ್ಮ, ಗೋಡೆಯ ಮೇಲೆ ಫೋಟೋ ಬೇಡ, ಸನ್ಮಾನ ಬೇಡ, ಹಾರ ಹಾಕಿದರೆ ಕುತ್ತಿಗೆ ತುರಿಸುತ್ತದೆ ಎನ್ನುತ್ತಾರೆ. ಕೈ ಒರೆಸಿಕೊಂಡು, ಸ್ಟ್ಯಾಂಡಿನ ಮೇಲೆ ಇನ್ನೂ ಬಿಸಿಯಾಗಿರುವ ಇಂಜಿನ್ನಿನ ಕಡೆ ನೋಡುತ್ತಾರೆ.

"ಇದು ಒಂದು ಸಲ ನನ್ನ ಕೈಲಿ ಸತ್ತಿತ್ತು. ಇವರು ಬದುಕಿಸಿಕೊಟ್ರು. ಹನ್ನೆರಡು ವರ್ಷ ಆಯ್ತು, ಒಂದು ಭಾನುವಾರ ತಪ್ಪಿಲ್ಲ. ನಾನು ಹೋದ ಮೇಲೂ ಒಂದು ಭಾನುವಾರ ಓಡ್ಲಿ. ಒಂದೇ ಒಂದು, ಸಾಕು."

ಗಡಿಯಾರದಣ್ಣ ಬೆರಳಿನಿಂದ ಪಂಖವನ್ನು ಮೆಲ್ಲಗೆ ತಿರುಗಿಸಿ ನೋಡುತ್ತಾರೆ. ನುಣ್ಣಗೆ ತಿರುಗುತ್ತದೆ.